ಹಳೆಯ ಆವೃತ್ತಿಯನ್ನು ಬೀಳ್ಕೊಡುವ ಬಗೆ



ಕಳೆದ ವರ್ಷ ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಗಳು ಎರಡು ವಾರ ತಡವಾಗಿ ನಿಮ್ಮ ಕೈಸೇರಿದುದು ನಿಮಗೆ ನೆನಪಿರಬಹುದು. ಆ ಪಟ್ಟಿಗಳಲ್ಲಿ ನಿಮ್ಮ ಹೆಸರುಗಳು ಇಂಗ್ಲಿಷಿಗೆ ಬದಲಾಗಿ ಕನ್ನಡ ಲಿಪಿಯಲ್ಲಿ ಅಚ್ಚಾಗಿದ್ದುದನ್ನೂ ನೀವು ಕಂಡಿರುತ್ತೀರಿ. ಪಟ್ಟಿ ತಡವಾದುದಕ್ಕೂ ಹೆಸರುಗಳು ಕನ್ನಡಕ್ಕೆ ಬಂದುದಕ್ಕೂ ಕಾರಣ ಒಂದೇ. ಅದನ್ನು ನಿಮಗೆ ತಿಳಿಸಬೇಕೆಂದೇ ಈ ಪಾಠವನ್ನು ಬರೆಯುತ್ತಿದ್ದೇವೆ.

ನಮ್ಮ ಶಾಲೆಯಲ್ಲಿ ಅಂಕಗಳನ್ನು ಕೂಡಿ, ಸರಾಸರಿ ತೆಗೆದು, ಸ್ಥಾನಗಳನ್ನು ಗೊತ್ತುಮಾಡುವ ಕೆಲಸವನ್ನು ಒಂದು ಚಿಕ್ಕ ಪ್ರೋಗ್ರಾಂ ಮಾಡುತ್ತದೆ. ಹತ್ತು ವರ್ಷಕ್ಕೂ ಹಿಂದೆ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅದನ್ನು ಬರೆದುಕೊಟ್ಟಿದ್ದರು. ಹಣ ಕೇಳಲಿಲ್ಲ, ಒಂದು ಲೋಟ ಚಹಾ ಕುಡಿದು ಹೋದರು. ಕಳೆದ ವರ್ಷ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದಿತು. ಪ್ರೋಗ್ರಾಮನ್ನು ಅದಕ್ಕೆ ವರ್ಗಾಯಿಸಿ ಆರಂಭಿಸಿದರೆ, ವ್ಯಾಕರಣ ದೋಷವಿದೆಯೆಂದು ಹೇಳಿ ಅದು ಮೊದಲ ಸಾಲುಗಳಲ್ಲಿಯೇ ನಿಂತುಬಿಟ್ಟಿತು. ಇಷ್ಟು ವರ್ಷ ಸರಿಯಾಗಿದ್ದ ವ್ಯಾಕರಣವು ಒಂದೇ ರಾತ್ರಿಯಲ್ಲಿ ತಪ್ಪಾದುದು ಹೇಗೆ? ಕಚೇರಿಯಲ್ಲಿ ಯಾರಿಗೂ ತಿಳಿಯಲಿಲ್ಲ, ನಮಗೂ ತಿಳಿಯಲಿಲ್ಲ.

ಪ್ರೋಗ್ರಾಂ ಬರೆದ ಆ ಮಿತ್ರರು ಈಗ ಮಾದಾಪುರದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾರೆ. ಅವರೂ ನಾವೂ ಮಿಯಾಪುರದ ನಿವಾಸಿಗಳು. ಮೆಟ್ರೋ ರೈಲಿನ ಕೆಂಪು ಮಾರ್ಗ ಮುಗಿಯುವ ಆ ಬಡಾವಣೆಯನ್ನು ನೀವು ಬಲ್ಲಿರಿ. ಬೀದರ, ಜಹೀರಾಬಾದುಗಳ ಕಡೆಯಿಂದ ಬರುವ ಬಸ್ಸುಗಳು ನಗರವನ್ನು ಹೊಗುವ ಹೆದ್ದಾರಿಯೂ ಅದರ ಮಗ್ಗುಲಲ್ಲಿಯೇ ಇದೆ. ಎರಡು ಭಾನುವಾರ ನಾವು ಅವರ ಮನೆಯಲ್ಲಿ ಕುಳಿತು ಆ ಪ್ರೋಗ್ರಾಮನ್ನು ತಿದ್ದಿದೆವು. ತಿದ್ದಿದವರು ಅವರು, ನಾವು ಕೇಳುತ್ತ ಹೋದೆವು. ಹತ್ತನೆಯ ತರಗತಿಯವರೆಗೂ ಕನ್ನಡದಲ್ಲಿಯೇ ಓದಿದ ನಮಗೆ ಅವರು ಎಲ್ಲವನ್ನೂ ಕನ್ನಡದಲ್ಲಿಯೇ ವಿವರಿಸಿದರು. ಅಲ್ಲಿ ಕಲಿತುದನ್ನು ಈಗ ನಿಮ್ಮ ಮುಂದೆ ಇಡುತ್ತೇವೆ.

ಆವೃತ್ತಿ ಎಂದರೇನು?

ಕಂಪ್ಯೂಟರಿಗೆ ಅಪ್ಪಣೆ ಕೊಡಲು ಮನುಷ್ಯರು ಕಟ್ಟಿಕೊಂಡ ಭಾಷೆಗಳಿಗೆ ಪ್ರೋಗ್ರಾಮಿಂಗ್ ಭಾಷೆಗಳೆಂದು ಹೆಸರು. ಅವುಗಳಲ್ಲಿ ಪೈಥಾನ್ ಎಂಬುದು ಒಂದು. ನೆದರ್ಲೆಂಡ್ಸ್ ದೇಶದ ಗೀಡೋ ವಾನ್ ರೋಸಮ್ ಎಂಬವರು ೧೯೮೯ರ ಡಿಸೆಂಬರಿನಲ್ಲಿ ಇದನ್ನು ಕಟ್ಟತೊಡಗಿ ೧೯೯೧ರ ಫೆಬ್ರವರಿಯಲ್ಲಿ ಲೋಕಕ್ಕೆ ಬಿಟ್ಟರು. ಹೆಸರಿನ ಅರ್ಥ ಹೆಬ್ಬಾವು ಎಂದಾದರೂ, ಅವರು ಆ ಹೆಸರನ್ನು ಎತ್ತಿಕೊಂಡದ್ದು ಬ್ರಿಟನ್ನಿನ ಹಾಸ್ಯಗಾರರ ಒಂದು ಟಿ.ವಿ. ಕಾರ್ಯಕ್ರಮದ ಹೆಸರಿನಿಂದ.

ಪುಸ್ತಕವೊಂದು ಮತ್ತೆ ಮತ್ತೆ ಅಚ್ಚಾಗುವಾಗ ಲೇಖಕರು ತಿದ್ದುಪಡಿಗಳನ್ನು ಮಾಡಿ ಎರಡನೆಯ ಮುದ್ರಣ, ಮೂರನೆಯ ಮುದ್ರಣ ಎಂದು ಹಾಕುವಂತೆ, ಪ್ರೋಗ್ರಾಮಿಂಗ್ ಭಾಷೆಗೂ ಆವೃತ್ತಿಗಳು ಬರುತ್ತವೆ. ಪೈಥಾನ್ ೨.೦ ಬಂದದ್ದು ೨೦೦೦ದ ಅಕ್ಟೋಬರಿನಲ್ಲಿ, ಪೈಥಾನ್ ೩.೦ ಬಂದದ್ದು ೨೦೦೮ರ ಡಿಸೆಂಬರ್ ೩ರಂದು. ಎರಡನೆಯ ಸಾಲಿನ ಕೊನೆಯ ದೊಡ್ಡ ಆವೃತ್ತಿ ೨.೭. ಅದು ೨೦೧೦ರ ಜುಲೈಯಲ್ಲಿ ಹೊರಬಂದಿತು. ನಮ್ಮ ಶಾಲೆಯ ಪ್ರೋಗ್ರಾಂ ಬರೆದದ್ದು ಈ ೨.೭ರಲ್ಲಿ. ಹೊಸ ಕಂಪ್ಯೂಟರಿನಲ್ಲಿ ಇದ್ದದ್ದು ಪೈಥಾನ್ ೩.

ಸಾಮಾನ್ಯವಾಗಿ ಹೊಸ ಆವೃತ್ತಿಯು ಹಳೆಯ ಆವೃತ್ತಿಯ ಬರಹವನ್ನು ಓದಬಲ್ಲದು. ಆದರೆ ಪೈಥಾನ್ ೩ನ್ನು ಕಟ್ಟಿದವರು ಒಂದು ಕಠಿಣ ನಿರ್ಧಾರಕ್ಕೆ ಬಂದರು. ಹಳೆಯ ಭಾಷೆಯಲ್ಲಿ ಬೇರೂರಿದ್ದ ಕೆಲವು ತಪ್ಪುಗಳನ್ನು ಮೇಲಿಂದ ಮೇಲೆ ತೇಪೆ ಹಾಕಿ ಸರಿಪಡಿಸಲಾಗದು, ಬುಡದಿಂದಲೇ ಸರಿಪಡಿಸಬೇಕು, ಹಾಗೆ ಮಾಡಿದರೆ ಹಳೆಯ ಬರಹ ಹೊಸದರಲ್ಲಿ ನಡೆಯದೆ ಹೋದೀತು, ಹೋಗಲಿ ಎಂದು ತೀರ್ಮಾನಿಸಿದರು. ಆ ತಪ್ಪುಗಳು ಯಾವುವು?

ಮೂರು ಬದಲಾವಣೆಗಳು

ಮೊದಲನೆಯದು ಚಿಕ್ಕದು. ತೆರೆಯ ಮೇಲೆ ಏನನ್ನಾದರೂ ತೋರಿಸಲು ‘ಪ್ರಿಂಟ್’ ಎಂಬ ಅಪ್ಪಣೆಯುಂಟು. ಹಳೆಯದರಲ್ಲಿ ಅದರ ಮುಂದೆ ಮಾತನ್ನು ಹಾಗೆಯೇ ಬರೆಯಬಹುದಾಗಿತ್ತು. ಹೊಸದರಲ್ಲಿ ಮಾತನ್ನು ಆವರಣ ಚಿಹ್ನೆಯೊಳಗೆ ಇಡಲೇಬೇಕು. ನಮ್ಮ ಪ್ರೋಗ್ರಾಂ ಮೊದಲು ಮುಗ್ಗರಿಸಿದ್ದು ಇಲ್ಲಿಯೇ. ಇಂಥ ತಪ್ಪಿಗೆ ಅಂಜಬೇಕಾಗಿಲ್ಲ. ಏಕೆಂದರೆ ಯಂತ್ರವೇ ಗಟ್ಟಿಯಾಗಿ ಕೂಗಿ ಹೇಳುತ್ತದೆ.

ಎರಡನೆಯದು ಭಾಗಾಕಾರ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಹಳೆಯ ಪೈಥಾನ್ ಶೇಷವನ್ನು ಬಿಟ್ಟು ಪೂರ್ಣಾಂಕವನ್ನಷ್ಟೇ ಕೊಡುತ್ತಿತ್ತು. ೩ನ್ನು ೨ರಿಂದ ಭಾಗಿಸು ಎಂದರೆ ೧ ಎನ್ನುತ್ತಿತ್ತು. ಹೊಸದು ೧.೫ ಎನ್ನುತ್ತದೆ. ಇಲ್ಲಿ ಯಂತ್ರ ಕೂಗುವುದಿಲ್ಲ. ಉತ್ತರ ಮಾತ್ರ ಬೇರೆಯಾಗುತ್ತದೆ. ಸದ್ದಿಲ್ಲದ ತಪ್ಪಿಗೆ ಹೆಚ್ಚು ಹೆದರಬೇಕೆಂಬುದನ್ನು ಮುಂದೆ ನೀವೇ ಕಾಣುವಿರಿ.

ಮೂರನೆಯದೇ ಎಲ್ಲಕ್ಕಿಂತ ದೊಡ್ಡದು. ಕನ್ನಡಿಗರಾದ ನಮಗೆ ಅತ್ಯಂತ ಸಮೀಪದ್ದು. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುವುದು. ಅದರ ನೆನಪಿನ ಒಂದೊಂದು ಗೂಡಿಗೆ ಬೈಟು ಎಂದು ಹೆಸರು. ಒಂದು ಬೈಟಿನಲ್ಲಿ ೦ಯಿಂದ ೨೫೫ರವರೆಗಿನ ಒಂದು ಅಂಕಿ ಹಿಡಿಯುತ್ತದೆ. ಇಂಗ್ಲಿಷಿನ ಅಕ್ಷರಗಳು ಕಡಮೆ. ಆದಕಾರಣ ಒಂದು ಅಕ್ಷರಕ್ಕೆ ಒಂದು ಬೈಟು ಸಾಕಾಗಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಡು ಪ್ರಕಟವಾದದ್ದು ೧೯೯೧ರ ಅಕ್ಟೋಬರಿನಲ್ಲಿ. ಆ ಮೊದಲ ಪ್ರಕಟಣೆಯಲ್ಲಿಯೇ ಕನ್ನಡಕ್ಕೂ ೧೨೮ ಸ್ಥಾನಗಳು ದೊರೆತವು. ಆದರೆ ಪೈಥಾನ್ ಹುಟ್ಟಿದ್ದು ಅದಕ್ಕೂ ಕೆಲವು ತಿಂಗಳು ಮುಂಚೆ! ಅದರ ಮೂಲ ಕಟ್ಟಡದಲ್ಲಿ ‘ಬರಹ’ವೆಂದರೆ ಬೈಟುಗಳ ಸಾಲು, ಅಷ್ಟೆ. ೨.೦ರಲ್ಲಿ ಯೂನಿಕೋಡಿಗೆ ಒಂದು ಕೋಣೆಯನ್ನು ಸೇರಿಸಿದರಾದರೂ ಅದು ಹಿತ್ತಲಿಗೆ ಆಮೇಲೆ ಹಾಕಿದ ಚಪ್ಪರದಂತಿತ್ತು.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿರಿ. ಕಿವಿಗೆ ಇದರಲ್ಲಿ ಮೂರು ಅಕ್ಷರಗಳು: ಕ, ನ್ನ, ಡ. ಯೂನಿಕೋಡಿನಲ್ಲಿ ಐದು ಸಂಕೇತಗಳು: ಕ, ನ, ಹಲಂತ ಚಿಹ್ನೆ, ಮತ್ತೆ ನ, ಡ. ಯುಟಿಎಫ್-೮ ಎಂಬ ಬಳಕೆಯ ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. ಎಂದರೆ ಒಟ್ಟು ಹದಿನೈದು ಬೈಟುಗಳು. ಈ ಪದದ ಉದ್ದವೆಷ್ಟು ಎಂದು ಸಾಮಾನ್ಯ ರೀತಿಯಲ್ಲಿ ಕೇಳಿದರೆ ಹಳೆಯ ಪೈಥಾನ್ ಹದಿನೈದು ಎನ್ನುತ್ತಿತ್ತು. ಹೊಸದು ಐದು ಎನ್ನುತ್ತದೆ. ಹಳೆಯದು ಪೆಟ್ಟಿಗೆಗಳನ್ನು ಎಣಿಸುತ್ತಿತ್ತು; ಹೊಸದು ಪೆಟ್ಟಿಗೆಯೊಳಗಿನ ಬರಹವನ್ನು ಎಣಿಸುತ್ತದೆ. ಬರಹ ಬೇರೆ, ಬೈಟು ಬೇರೆ ಎಂಬ ಈ ಒಂದು ವಿವೇಕಕ್ಕಾಗಿಯೇ ಮುಖ್ಯವಾಗಿ ಪೈಥಾನ್ ೩ ಹಳೆಯದರ ನಂಟನ್ನು ಕಡಿದುಕೊಂಡಿತೆಂದರೆ ತಪ್ಪಾಗದು.

ಎರಡು ದೋಣಿಗಳ ಮೇಲೆ ಕಾಲು

ಹಾಗಾದರೆ ೨೦೦೮ರಲ್ಲಿಯೇ ಎಲ್ಲರೂ ಹೊಸದಕ್ಕೆ ಹೋದರೇ? ಇಲ್ಲ. ಒಬ್ಬನ ಪ್ರೋಗ್ರಾಂ ಇನ್ನೊಬ್ಬರು ಬರೆದ ಸಿದ್ಧಭಾಗಗಳ ಮೇಲೆ ನಿಂತಿರುತ್ತದೆ. ಅವು ಮತ್ತೊಬ್ಬರು ಬರೆದವುಗಳ ಮೇಲೆ. ಅಡಿಯವು ಕದಲದೆ ಮೇಲಿನವು ಕದಲಲಾರವು. ಮೇಲಿನವರು ಕೇಳದೆ ಅಡಿಯವರಿಗೆ ಅವಸರವಿಲ್ಲ. ಹೀಗೆ ಒಬ್ಬರ ಮುಖವನ್ನೊಬ್ಬರು ನೋಡುತ್ತ ವರ್ಷಗಳು ಕಳೆದವು.

ಆ ಕಾಲದಲ್ಲಿ ಅನೇಕರು ಎರಡೂ ಆವೃತ್ತಿಗಳಲ್ಲಿ ನಡೆಯುವಂಥ ಬರಹವನ್ನು ಬರೆದರು. ಅದಕ್ಕೆ ನೆರವಾಗಲು ‘ಸಿಕ್ಸ್’ ಎಂಬ ಸಿದ್ಧಭಾಗವೊಂದು ಬಂದಿತು. ಎರಡನ್ನು ಮೂರರಿಂದ ಗುಣಿಸಿದರೆ ಆರು ಎಂಬುದೇ ಆ ಹೆಸರಿನ ಒಗಟು. ಹಳೆಯ ಬರಹವನ್ನು ಹೊಸದಕ್ಕೆ ಪರಿವರ್ತಿಸುವ ಸಾಧನವನ್ನು ಪೈಥಾನಿನವರೇ ಕೊಟ್ಟಿದ್ದರು. ಯೂನಿಕೋಡ್ ಬರಹದ ಹಿಂದೆ ಹಾಕುತ್ತಿದ್ದ ‘ಯು’ ಎಂಬ ಗುರುತನ್ನು ೩.೦ರಲ್ಲಿ ತೆಗೆದುಹಾಕಿದ್ದರು, ಅದರಿಂದ ದಾಟುವವರಿಗೆ ವೃಥಾ ಕಷ್ಟವಾಗುತ್ತದೆಂದು ಕಂಡು, ೨೦೧೨ರಲ್ಲಿ ಬಂದ ೩.೩ರಲ್ಲಿ ಮತ್ತೆ ಸೇರಿಸಿದರು. ತಮ್ಮ ಹಟವನ್ನು ಬಿಟ್ಟು ದಾಟುವವನಿಗೆ ಕೈಕೊಡುವುದು ದೊಡ್ಡ ಗುಣ.

ಆದರೆ ಎರಡು ದೋಣಿಗಳ ಮೇಲೆ ಕಾಲಿಟ್ಟು ಎಷ್ಟು ಕಾಲ ನಡೆದೀತು? ಹಳೆಯದಕ್ಕೂ ಬೆಂಬಲ ಕೊಡುವುದೆಂದರೆ, ಪ್ರತಿಯೊಂದು ತಿದ್ದುಪಡಿಯನ್ನೂ ಎರಡೂ ಕಡೆ ಪರೀಕ್ಷಿಸಬೇಕು. ಹೊಸ ಭಾಷೆಯ ಅನುಕೂಲಗಳು ಕಣ್ಣಮುಂದಿದ್ದರೂ ಹಳೆಯದರಲ್ಲಿ ಇಲ್ಲವೆಂದು ಕೈಬಿಡಬೇಕು. ಈ ಸಿದ್ಧಭಾಗಗಳನ್ನು ನೋಡಿಕೊಳ್ಳುವವರಲ್ಲಿ ಬಹುಮಂದಿ ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವವರೆಂಬುದನ್ನು ಮರೆಯಬಾರದು. ಹಳೆಯದನ್ನು ಬಳಸುವವನ ಅನುಕೂಲದ ಬೆಲೆಯನ್ನು ಕಾಣದ ಊರಿನಲ್ಲಿ ಇನ್ನೊಬ್ಬರು ರಾತ್ರಿ ಎದ್ದು ಕುಳಿತು ತೆರುತ್ತಿರುತ್ತಾರೆ.

ಬಾಗಿಲು ಮುಚ್ಚಿದ ರೀತಿ

ಪೈಥಾನ್ ೨.೭ಕ್ಕೆ ೨೦೧೫ರವರೆಗೆ ಮಾತ್ರ ಬೆಂಬಲವೆಂದು ಮೊದಲು ಹೇಳಿದ್ದರು. ಜನ ಇನ್ನೂ ದಾಟಿಲ್ಲವೆಂದು ಕಂಡು ೨೦೧೪ರಲ್ಲಿ ಗಡುವನ್ನು ೨೦೨೦ಕ್ಕೆ ಮುಂದೂಡಿದರು. ಈ ಬಾರಿ ಗಡುವು ಕದಲಲಿಲ್ಲ. ೨೦೨೦ರ ಜನವರಿ ೧ಕ್ಕೆ ಬೆಂಬಲ ಮುಗಿಯಿತು. ಅಲ್ಲಿಯವರೆಗೆ ಕೂಡಿದ್ದ ತಿದ್ದುಪಡಿಗಳನ್ನು ಒಟ್ಟುಗೂಡಿಸಿ ಅದೇ ಏಪ್ರಿಲಿನಲ್ಲಿ ೨.೭.೧೮ ಎಂಬ ಕಡೆಯ ಬಿಡುಗಡೆಯನ್ನು ಕೊಟ್ಟು ಕೈಮುಗಿದರು. ಆಮೇಲೆ ಅದರಲ್ಲಿ ಕಳ್ಳರು ನುಗ್ಗುವಂಥ ಕಿಂಡಿ ಕಂಡರೂ ಮೂಲ ಕರ್ತೃಗಳು ಮುಚ್ಚುವುದಿಲ್ಲ. ಬೆಂಬಲ ನಿಲ್ಲಿಸುವುದೆಂದರೆ ಇಷ್ಟೇ ಅರ್ಥ. ಹಳೆಯ ಪೈಥಾನನ್ನು ಯಾರೂ ಸುಟ್ಟುಹಾಕಲಿಲ್ಲ. ಬೇಕಾದವರಿಗೆ ಅದು ಈಗಲೂ ದೊರೆಯುತ್ತದೆ. ಕಾವಲುಗಾರ ಮಾತ್ರ ಇಲ್ಲ.

ಅದನ್ನು ಆಧರಿಸಿದ್ದ ದೊಡ್ಡ ಸಿದ್ಧಭಾಗಗಳ ನಡತೆಯೂ ಕಲಿಯತಕ್ಕದ್ದು. ೨೦೨೦ಕ್ಕಿಂತ ತಡಮಾಡದೆ ಹಳೆಯದನ್ನು ಬಿಡುತ್ತೇವೆಂದು ಹಲವು ತಂಡಗಳು ಒಟ್ಟಾಗಿ ಬಹಿರಂಗ ಪ್ರತಿಜ್ಞೆ ಮಾಡಿದವು. ಒಬ್ಬನೇ ಬಿಟ್ಟರೆ ಬೈಗುಳ, ಎಲ್ಲರೂ ಕೂಡಿ ಬಿಟ್ಟರೆ ಪದ್ಧತಿ. ಜಾಲತಾಣಗಳನ್ನು ಕಟ್ಟಲು ಬಳಸುವ ಜ್ಯಾಂಗೋ ೨೦೧೭ರ ಏಪ್ರಿಲಿನಲ್ಲಿ ಬಂದ ೧.೧೧ರಲ್ಲಿ ಹಳೆಯದಕ್ಕೆ ಕೊನೆಯ ಬಾರಿ ಆಸರೆ ಕೊಟ್ಟು, ಅದೇ ಡಿಸೆಂಬರಿನ ೨.೦ರಲ್ಲಿ ನಿಲ್ಲಿಸಿತು, ಆದರೆ ೧.೧೧ನ್ನು ೨೦೨೦ರವರೆಗೂ ನೋಡಿಕೊಂಡಿತು. ಗಣಿತದ ಕೆಲಸಕ್ಕೆ ಬೇಕಾದ ನಮ್‌ಪೈ ಎಂಬುದು, ೨೦೧೯ರಿಂದ ಹೊಸ ಸೌಕರ್ಯಗಳು ಪೈಥಾನ್ ೩ಕ್ಕೆ ಮಾತ್ರವೆಂದು ೨೦೧೭ರಲ್ಲಿಯೇ ಸಾರಿತು. ಐಪೈಥಾನ್ ಎಂಬ ಸಾಧನ ೨೦೧೭ರ ಏಪ್ರಿಲಿನಲ್ಲಿ ತನ್ನ ಆರನೆಯ ಆವೃತ್ತಿಯಿಂದ ಹಳೆಯದನ್ನು ಬಿಟ್ಟಿತು. ಬಿಡುವಾಗ, ಹಳೆಯ ಪೈಥಾನ್ ಇಟ್ಟುಕೊಂಡವನು ಅದನ್ನು ಕೇಳಿದರೆ ಅವನಿಗೆ ಹೊಂದುವ ಐದನೆಯ ಆವೃತ್ತಿಯೇ ತಾನಾಗಿ ದೊರೆಯುವಂತೆ ಏರ್ಪಾಡು ಮಾಡಿತು. ಅಂಗಡಿ ಬೇರೆಡೆಗೆ ಹೋಗುವಾಗ ಹಳೆಯ ಬಾಗಿಲಿಗೆ ಹೊಸ ವಿಳಾಸದ ಹಲಗೆಯನ್ನು ತೂಗುಹಾಕುವುದಿಲ್ಲವೆ? ಹಾಗೆ.

೨೦೧೮ರಲ್ಲಿ ಭಾರತದ ಪೈಥಾನ್ ಸಮ್ಮೇಳನ ನಮ್ಮ ಹೈದರಾಬಾದಿನಲ್ಲಿಯೇ ನಡೆಯಿತು. ಆಗ ಹಳೆಯದಕ್ಕೆ ಒಂದು ವರ್ಷವೂ ಕೆಲವು ತಿಂಗಳೂ ಉಳಿದಿದ್ದವು. ನಾವು ಆ ಸುದ್ದಿಯನ್ನು ಕೇಳಲಿಲ್ಲ. ಕೇಳಿದ್ದರೂ ನಮಗೆ ಸಂಬಂಧಪಟ್ಟದ್ದಲ್ಲವೆಂದು ಸುಮ್ಮನಿರುತ್ತಿದ್ದೆವೋ ಏನೋ.

ಹಾಲಿ ಸಿಕ್ಕಾದ ಪಾಠ

ಇಂಥ ದಾಟುವಿಕೆ ನಮ್ಮ ಹಿರಿಯರಿಗೆ ಹೊಸದಲ್ಲ. ನಿಜಾಮರ ಸಂಸ್ಥಾನಕ್ಕೆ ತನ್ನದೇ ಆದ ನಾಣ್ಯವಿತ್ತು. ಅದನ್ನು ಹಾಲಿ ಸಿಕ್ಕಾ ಎನ್ನುತ್ತಿದ್ದರು. ಬ್ರಿಟಿಷ್ ಭಾರತದ ರೂಪಾಯಿಗೆ ಕಲ್ದಾರ ಎಂಬ ಹೆಸರು. ೧೯೪೮ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ಮಾರನೆಯ ದಿನವೇ ಹಾಲಿ ರೂಪಾಯಿಯನ್ನು ರದ್ದುಮಾಡಲಿಲ್ಲ. ೧೯೫೦ರಲ್ಲಿ ಭಾರತದ ರೂಪಾಯಿಯನ್ನು ಅದರ ಜೊತೆಗೆ ಚಲಾವಣೆಗೆ ತಂದರು; ಏಳು ಹಾಲಿಗೆ ಆರು ಭಾರತದ ರೂಪಾಯಿ ಎಂದು ದರ ಗೊತ್ತುಮಾಡಿದರು. ೧೯೫೧ರಲ್ಲಿ ಹೊಸ ಹಾಲಿ ನಾಣ್ಯ ಹೊರಡಿಸುವುದನ್ನು ನಿಲ್ಲಿಸಿದರು. ಹಳೆಯದು ಮಾತ್ರ ೧೯೫೯ರವರೆಗೂ ಓಡಾಡಿತು. ನಡುವೆ ೧೯೫೬ರಲ್ಲಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಜ್ಯವೇ ಬದಲಾದರೂ ಜೇಬಿನಲ್ಲಿದ್ದ ನಾಣ್ಯಕ್ಕೆ ಕಾಲಾವಕಾಶ ಉಳಿದಿತ್ತು.

ಬೀದರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ಮುತ್ತಜ್ಜಿಯವರು ಕೆಲವು ಹಾಲಿ ರೂಪಾಯಿಗಳನ್ನು ಜೋಳದ ಗುಮ್ಮಿಯಲ್ಲಿ ಬಚ್ಚಿಟ್ಟು ಮರೆತಿದ್ದರಂತೆ. ನೆನಪಾಗಿ ತೆಗೆಯುವ ವೇಳೆಗೆ ಗಡುವು ಕಳೆದಿತ್ತು. ಕಿರಾಣಿ ಅಂಗಡಿಯವನು ಮುಟ್ಟಲಿಲ್ಲ. ಅಕ್ಕಸಾಲಿಗನು ಬೆಳ್ಳಿಯ ತೂಕಕ್ಕೆ ತೆಗೆದುಕೊಂಡನು. ‘ಸರ್ಕಾರ ಮೋಸ ಮಾಡಲಿಲ್ಲ, ಡಂಗುರ ಸಾರಿತ್ತು, ನಾವೇ ಕಿವಿಗೊಡಲಿಲ್ಲ’ ಎಂದು ಅಜ್ಜನವರು ಹೇಳುತ್ತಿದ್ದರು. ನಮ್ಮ ಶಾಲೆಯ ಪ್ರೋಗ್ರಾಂ ಕೂಡ ಗುಮ್ಮಿಯಲ್ಲಿ ಮರೆತ ಹಾಲಿ ರೂಪಾಯಿಯೇ ಆಗಿತ್ತು.

ಹಳೆಯ ಪಟ್ಟಿಗಳು ಹೇಳಿದ ಸತ್ಯ

ಮಿಯಾಪುರದ ಆ ಮನೆಯಲ್ಲಿ ಮೊದಲನೆಯ ಭಾನುವಾರವೇ ಪ್ರೋಗ್ರಾಂ ಹೊಸ ಯಂತ್ರದಲ್ಲಿ ನಡೆಯತೊಡಗಿತು. ಕೆಲಸ ಮುಗಿಯಿತೆಂದು ನಾವು ಏಳುವಷ್ಟರಲ್ಲಿ ಮಿತ್ರರು ತಡೆದರು. ‘ನಡೆದರೆ ಸಾಲದು. ಹಿಂದಿನ ವರ್ಷಗಳ ಅಂಕಗಳನ್ನು ಇದಕ್ಕೆ ಕೊಟ್ಟು, ಬಂದ ಉತ್ತರವನ್ನು ಹಳೆಯ ಪಟ್ಟಿಗಳೊಡನೆ ಹೋಲಿಸಬೇಕು’ ಎಂದರು. ಎರಡನೆಯ ಭಾನುವಾರ ಶಾಲೆಯ ಕಡತಗಳನ್ನು ಹೊತ್ತುಕೊಂಡು ಹೋದೆವು.

ಸರಾಸರಿಗಳು ಹೊಂದಲಿಲ್ಲ. ಏಳನೆಯ ತರಗತಿಯ ಒಂದು ವರ್ಷದ ಪಟ್ಟಿಯಲ್ಲಿ ಇಬ್ಬರು ಬಾಲಕಿಯರಿಗೆ ೭೨ ಎಂಬ ಒಂದೇ ಸರಾಸರಿ ಬಿದ್ದಿತ್ತು. ಸರಾಸರಿ ಸಮನಾದರೆ ಹೆಸರಿನ ಅಕ್ಷರಕ್ರಮದಲ್ಲಿ ಮೊದಲು ಬರುವವರನ್ನು ಮೇಲೆ ಹಾಕುವುದು ಆ ಪ್ರೋಗ್ರಾಮಿನ ಕ್ರಮ. ಮೊದಲ ಬಹುಮಾನವೂ ಹಾಗೆಯೇ ಹೋಗಿತ್ತು. ಈಗ ಹೊಸ ಯಂತ್ರ ಹೇಳಿತು: ಬಹುಮಾನ ಪಡೆದವಳಿಗೆ ಆರು ವಿಷಯಗಳಲ್ಲಿ ಒಟ್ಟು ೪೩೨ ಅಂಕ, ಸರಾಸರಿ ೭೨, ಎರಡನೆಯವಳೆಂದು ಬರೆಸಿಕೊಂಡವಳಿಗೆ ಒಟ್ಟು ೪೩೭, ಸರಾಸರಿ ೭೨.೮೩. ಐದು ಅಂಕಗಳನ್ನು ಹಳೆಯ ಭಾಗಾಕಾರ ಸದ್ದಿಲ್ಲದೆ ನುಂಗಿತ್ತು. ಒಟ್ಟು ಅಂಕಗಳು ಅದೇ ಹಾಳೆಯಲ್ಲಿ ಅಚ್ಚಾಗಿದ್ದವು. ಆ ಪಟ್ಟಿಗೆ ಸಹಿ ಹಾಕಿದವರು ನಾವೇ. ಯಂತ್ರ ಹೇಳಿದ ಮೇಲೆ ಸರಿಯಾಗಿಯೇ ಇರುತ್ತದೆಂದು ನಾವು ಮತ್ತೆ ನೋಡಿರಲಿಲ್ಲ.

‘ತಪ್ಪು ಪೈಥಾನಿನದಲ್ಲ, ಗುರುಗಳೆ’ ಎಂದರು ಮಿತ್ರರು. ‘ಹಳೆಯದು ಹೀಗೆ ಭಾಗಿಸುತ್ತದೆಂದು ಅದರ ಪುಸ್ತಕದಲ್ಲಿಯೇ ಬರೆದಿತ್ತು. ನಾನು ಓದದೆ ಬರೆದೆ.’ ‘ನಾವು ನೋಡದೆ ಸಹಿ ಹಾಕಿದೆವು’ ಎಂದೆವು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ ಬಾಲಕಿ ಈಗ ಕಾಲೇಜು ಸೇರಿದ್ದಾಳೆ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ತಿದ್ದಿದ ಪ್ರಮಾಣಪತ್ರವನ್ನೂ ಬಹುಮಾನದ ಪುಸ್ತಕವನ್ನೂ ಆಕೆಯ ಮನೆಗೆ ಕೊಂಡೊಯ್ದು ಕೊಟ್ಟು, ನಡೆದುದನ್ನು ಹೇಳಿ ಕ್ಷಮೆ ಕೇಳಿದೆವು. ಆಕೆ ಪತ್ರವನ್ನು ಎರಡು ಸಲ ಓದಿ, ‘ಆಗ ನಮ್ಮಪ್ಪ ಇನ್ನೂ ಐದು ಅಂಕ ತೆಗೆದಿದ್ದರೆ ಆಗುತ್ತಿತ್ತು ಅಂದಿದ್ದರು, ಸರ್’ ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮೊದಲು ಬಹುಮಾನ ಪಡೆದವಳಿಂದ ಏನನ್ನೂ ಹಿಂದಕ್ಕೆ ಕೇಳಲಿಲ್ಲ; ಆಕೆಯದು ಯಾವ ತಪ್ಪೂ ಇರಲಿಲ್ಲ.

ಇನ್ನು ಹೆಸರುಗಳ ವಿಚಾರ. ಆರಂಭದಲ್ಲಿ ಆ ಪ್ರೋಗ್ರಾಮಿಗೆ ಹೆಸರುಗಳನ್ನು ಕನ್ನಡದಲ್ಲಿಯೇ ಕೊಟ್ಟಿದ್ದೆವು. ಉದ್ದವಾದ ಹೆಸರುಗಳು ತುಂಡಾಗಿ, ಕೊನೆಯಲ್ಲಿ ವಿಚಿತ್ರ ಚಿಹ್ನೆಯೊಂದು ಬರುತ್ತಿತ್ತು. ಮುದ್ರಣಯಂತ್ರದ ದೋಷವೆಂದು ಬಗೆದು, ಮರುವರ್ಷದಿಂದ ಎಲ್ಲ ಹೆಸರುಗಳನ್ನೂ ಇಂಗ್ಲಿಷಿನಲ್ಲಿ ಬರೆಸಿದೆವು. ಕನ್ನಡ ಶಾಲೆಯ ಪಟ್ಟಿ ಇಂಗ್ಲಿಷಾದುದು ಹೀಗೆ. ಅದರ ಕಾರಣವೂ ಈಗ ತಿಳಿಯಿತು. ಸಾಲು ನೇರವಾಗಿರಲೆಂದು ಪ್ರೋಗ್ರಾಂ ಹೆಸರಿನ ಮೊದಲ ಇಪ್ಪತ್ತನ್ನು ಮಾತ್ರ ಉಳಿಸಿಕೊಳ್ಳುತ್ತಿತ್ತು. ‘ಮಲ್ಲಿಕಾರ್ಜುನ’ ಎಂಬುದು ಇಂಗ್ಲಿಷಿನಲ್ಲಿ ಹನ್ನೆರಡು ಅಕ್ಷರ; ಇಪ್ಪತ್ತರೊಳಗೆ ನೆಮ್ಮದಿಯಾಗಿ ಹಿಡಿಯಿತು. ಕನ್ನಡದಲ್ಲಿಯೂ ಅದು ಹನ್ನೆರಡೇ ಸಂಕೇತ. ಆದರೆ ಹಳೆಯ ಪೈಥಾನಿನ ಎಣಿಕೆಯಲ್ಲಿ ಮೂವತ್ತಾರು ಬೈಟು. ಇಪ್ಪತ್ತಕ್ಕೆ ಕತ್ತರಿಸಿದಾಗ ಆರು ಸಂಕೇತಗಳು ಉಳಿದು ‘ಮಲ್ಲಿಕ’ ಎಂದಾಯಿತು. ಏಳನೆಯ ಸಂಕೇತದ ಮೂರು ಬೈಟುಗಳಲ್ಲಿ ಎರಡು ಮಾತ್ರ ಉಳಿದು ಆ ವಿಚಿತ್ರ ಚಿಹ್ನೆಯಾಯಿತು. ಹೊಸ ಪೈಥಾನಿನಲ್ಲಿ ಅದೇ ಸಾಲನ್ನು ಒಂದಕ್ಷರವೂ ತಿದ್ದದೆ ನಡೆಸಿದೆವು. ಮಲ್ಲಿಕಾರ್ಜುನ ಪೂರ್ತಿಯಾಗಿ ಬಂದನು.

ಕಲಿಯತಕ್ಕ ನಾಲ್ಕು ಮಾತು

ಒಂದು: ಹಳೆಯದನ್ನು ಬಿಡುವವನು ಬಹಳ ಮೊದಲೇ ದಿನ ಗೊತ್ತುಮಾಡಿ ಸಾರಬೇಕು. ಎರಡು: ಸಾರಿದ ಮೇಲೆ ಸೇತುವೆ ಕಟ್ಟಿಕೊಡಬೇಕು, ಕಟ್ಟದೆ ‘ದಾಟಿ ಬನ್ನಿ’ ಎನ್ನುವುದು ನ್ಯಾಯವಲ್ಲ. ಮೂರು: ಗಡುವು ಬಂದಾಗ ನಿಜವಾಗಿಯೂ ಬಾಗಿಲು ಮುಚ್ಚಬೇಕು, ಇಲ್ಲವಾದರೆ ಮುಂದಿನ ಮಾತನ್ನು ಯಾರೂ ನಂಬರು. ನಾಲ್ಕು: ದಾಟುವವನು ತನ್ನ ಗಂಟನ್ನು ಬಿಚ್ಚಿ ನೋಡಿಕೊಂಡು ದಾಟಬೇಕು. ಹಳೆಯ ಮನೆಯ ಕಸವೂ ಹಳೆಯ ಮನೆಯ ಸಾಲವೂ ಆಗಲೇ ಕಣ್ಣಿಗೆ ಬೀಳುವುದು. ನಾವು ಆ ಗಂಟನ್ನು ಬಿಚ್ಚದೆ ಇದ್ದಿದ್ದರೆ ಆ ಬಾಲಕಿಯ ಐದು ಅಂಕಗಳು ಎಂದೆಂದಿಗೂ ಕಾಣುತ್ತಿರಲಿಲ್ಲ.

ಪೈಥಾನಿನವರು ಈಗ ಪ್ರತಿವರ್ಷ ಒಂದು ಆವೃತ್ತಿಯನ್ನು ತಂದು, ಒಂದೊಂದಕ್ಕೆ ಸುಮಾರು ಐದು ವರ್ಷ ಬೆಂಬಲವೆಂದು ಮುಂಚೆಯೇ ಹೇಳುತ್ತಾರೆ. ೩.೮ಕ್ಕೆ ೨೦೨೪ರ ಅಕ್ಟೋಬರಿನಲ್ಲಿ ಬೆಂಬಲ ಮುಗಿಯಿತು, ಯಾರೂ ಬೆಚ್ಚಲಿಲ್ಲ. ದೊಡ್ಡ ಹಳ್ಳವನ್ನು ಒಮ್ಮೆ ಹಾರುವುದಕ್ಕಿಂತ ವರ್ಷಕ್ಕೊಂದು ಮೆಟ್ಟಿಲು ಹತ್ತುವುದು ಸುಲಭವೆಂದು ಅವರೂ ಕಲಿತರು.

ಎಲ್ಲ ಹಳೆಯದನ್ನೂ ಬಿಡಬೇಕೆಂದು ಮಾತ್ರ ಇದರಿಂದ ತಿಳಿಯಬಾರದು. ಹಳಗನ್ನಡದಲ್ಲಿದ್ದ ಱ, ೞ ಎಂಬ ಅಕ್ಷರಗಳನ್ನು ನಾವು ಇಂದು ಬರೆಯುವುದಿಲ್ಲ. ಆದರೂ ಯೂನಿಕೋಡಿನಲ್ಲಿ ಅವೆರಡಕ್ಕೂ ಸ್ಥಾನವುಂಟು. ಇಲ್ಲದಿದ್ದರೆ ಹಳಗನ್ನಡ ಕಾವ್ಯಗಳನ್ನು ಕಂಪ್ಯೂಟರಿನಲ್ಲಿ ಇದ್ದಂತೆಯೇ ಅಚ್ಚುಹಾಕುವುದು ಹೇಗೆ? ಅಲ್ಲಿ ೞ ಅಕ್ಷರಕ್ಕೆ ತಪ್ಪಾಗಿ ‘ಫಾ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದುದರಿಂದ ತಪ್ಪನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ತಿದ್ದುಪಡಿಯ ಟ್ಟಿಪ್ಪಣಿ ಬರೆದಿದ್ದಾರೆ. ಉಪಕರಣವನ್ನು ಬದಲಿಸಬಹುದು, ದಾಖಲೆಯನ್ನು ಕಾಪಾಡಬೇಕು. ಯಾವುದು ಉಪಕರಣ, ಯಾವುದು ದಾಖಲೆ ಎಂಬ ವಿವೇಚನೆಯೇ ವಿದ್ಯೆ.

ಕೊನೆಯ ಪ್ರಶ್ನೆ

ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಬಾಲಕ ಎದ್ದು ನಿಂತು, ‘ಸರ್, ನಮ್ಮ ಕನ್ನಡ ಮಾಧ್ಯಮವೂ ಹಳೆಯ ಆವೃತ್ತಿಯೇ? ನಮಗೂ ಬೆಂಬಲ ನಿಲ್ಲುತ್ತದೆಯೇ?’ ಎಂದು ಕೇಳಿದನು. ಯಾರೂ ನಗಲಿಲ್ಲ. ನಿಮ್ಮ ತರಗತಿಗಳಲ್ಲಿ ಬೆಂಚುಗಳು ವರ್ಷವರ್ಷಕ್ಕೂ ಬರಿದಾಗುತ್ತಿರುವುದನ್ನು ನೀವೂ ಬಲ್ಲಿರಿ, ನಾವೂ ಬಲ್ಲೆವು. ಅಂದು ಗಂಟೆ ಹೊಡೆಯಿತು. ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಶಾಲೆ ನಡೆಯುವುದೂ ನಿಲ್ಲುವುದೂ ನಮ್ಮೊಬ್ಬರ ಕೈಯಲ್ಲಿಲ್ಲ. ಇಲ್ಲದ ಭರವಸೆಯನ್ನು ಕೊಡಲಾರೆವು. ಆದರೆ ಒಂದು ಮಾತನ್ನು ನಿಶ್ಚಯವಾಗಿ ಹೇಳಬಲ್ಲೆವು. ಬಿಟ್ಟುಹೋದ ಆ ಹಳೆಯ ಆವೃತ್ತಿ ಕನ್ನಡವಲ್ಲ. ಕನ್ನಡದ ಹೆಸರನ್ನು ಪೂರ್ತಿಯಾಗಿ ಹಿಡಿಯಲಾರದೆ ಹೋದದ್ದೇ ಆ ಹಳೆಯ ಆವೃತ್ತಿ. ಅದನ್ನು ಬಿಟ್ಟು ಹೊಸದನ್ನು ಕಟ್ಟಿದ ಕಾರಣಗಳಲ್ಲಿ ನಿಮ್ಮ ಅಕ್ಷರವೂ ಒಂದು. ಪೈಥಾನ್ ೩ರಲ್ಲಿ ‘ಮೊತ್ತ’, ‘ಸರಾಸರಿ’ ಎಂಬ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಟ್ಟು ಲೆಕ್ಕ ಮಾಡಬಹುದು. ನಮ್ಮ ಶಾಲೆಯ ಪ್ರೋಗ್ರಾಮಿನಲ್ಲಿ ಈಗ ಹಾಗೆಯೇ ಬರೆದಿದ್ದೇವೆ. ಆದರೂ ‘ಕನ್ನಡ’ ಎಂಬುದರಲ್ಲಿ ಮೂರು ಅಕ್ಷರಗಳೆಂಬುದನ್ನು ಅದು ಇನ್ನೂ ತಾನಾಗಿ ಹೇಳದು, ಐದು ಎನ್ನುತ್ತದೆ. ಒಂದನೆಯ ತರಗತಿಯ ಮಗುವಿಗೆ ತಿಳಿದುದು ಅದಕ್ಕೆ ತಿಳಿಯದು. ಅದನ್ನು ಅದಕ್ಕೆ ಕಲಿಸುವವರಾರು? ಅಕ್ಷರವನ್ನು ಬಲ್ಲವರೇ ಕಲಿಸಬೇಕು. ಆ ಕೆಲಸಕ್ಕೆ ನೀವು ತಕ್ಕವರು.

ಅಭ್ಯಾಸ

೧. ನಿಮ್ಮ ಹೆಸರಿನಲ್ಲಿ ಕಿವಿಗೆ ಎಷ್ಟು ಅಕ್ಷರಗಳು? ಯೂನಿಕೋಡಿನ ಎಷ್ಟು ಸಂಕೇತಗಳು? ಎಷ್ಟು ಬೈಟುಗಳು? ಇಪ್ಪತ್ತು ಬೈಟಿಗೆ ಕತ್ತರಿಸಿದರೆ ಏನು ಉಳಿಯುತ್ತದೆ?

೨. ಆರು ವಿಷಯಗಳಲ್ಲಿ ೪೬೧ ಅಂಕ ಪಡೆದವನ ಸರಾಸರಿಯನ್ನು ಹಳೆಯ ರೀತಿಯಲ್ಲಿಯೂ ಹೊಸ ರೀತಿಯಲ್ಲಿಯೂ ಕಂಡುಹಿಡಿಯಿರಿ.

೩. ನಿಮ್ಮ ಮನೆಯ ಹಿರಿಯರು ಕಂಡ, ಈಗ ಚಲಾವಣೆಯಲ್ಲಿಲ್ಲದ ಒಂದು ನಾಣ್ಯ ಅಥವಾ ಅಳತೆಯ ವಿಚಾರವನ್ನು ಕೇಳಿ ಹತ್ತು ಸಾಲು ಬರೆಯಿರಿ.

೪. ಈ ವರ್ಷದ ನಿಮ್ಮ ಅಂಕಪಟ್ಟಿಯ ಮೊತ್ತವನ್ನೂ ಸರಾಸರಿಯನ್ನೂ ಕೈಯಾರೆ ಲೆಕ್ಕಮಾಡಿ ನೋಡಿರಿ. ತಪ್ಪು ಕಂಡರೆ ಸಂಕೋಚಪಡದೆ ನಮ್ಮ ಬಳಿಗೆ ಬನ್ನಿರಿ.